ಒಡಪಿನಲ್ಲಿ ಇಲ್ಲದ ಹೆಸರು

ಕಲ್ಯಾಣ (ಪೂರ್ವ)
8 ನವೆಂಬರ್ 2009, ಭಾನುವಾರ ಬೆಳಿಗ್ಗೆ

ಚಿ. ಸೌ. ಕಾಂಚನಾಗೆ,

ಆಶೀರ್ವಾದ ಎಂದು ಬರೆಯಲು ಹೋದೆ. ಸಿಡಿ ಮಾರಿ ಹೆಸರಾದ ಗಾಯಕಿಗೆ ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರ ಟೈಮ್‌ಕೀಪರನ ಆಶೀರ್ವಾದ ಯಾಕೆ ಬೇಕು ಅನ್ನಿಸಿತು. ಅಭಿನಂದನೆ ಎಂದು ಬರೆಯಲು ಹೋದೆ. ಪೆನ್ನು ಮುಂದೆ ಹೋಗಲಿಲ್ಲ. ಎರಡನ್ನೂ ಬಿಟ್ಟಿದ್ದೇನೆ. ಇಲ್ಲಿ ನಾವು ಕ್ಷೇಮ. ಪಲ್ಲವಿ ಕಾಲೇಜಿಗೆ ಹೋಗುತ್ತಿದ್ದಾಳೆ, ನಾನು ಕಂಪನಿಗೆ ಹೋಗುತ್ತಿದ್ದೇನೆ, ಹಾಲು ದಿನಾ ಉಕ್ಕಿ ಒಲೆಗೆ ಹೋಗುತ್ತಿದೆ.

ಕಲ್ಯಾಣದಿಂದ ಘಣಸೋಲಿಗೆ, ಲೋಕಲ್ಲಿನಲ್ಲಿ ಒಂದು ತಾಸಿನ ದಾರಿಗೆ, ಯಾರಾದರೂ ಪತ್ರ ಬರೆಯುತ್ತಾರೆಯೇ ಎಂದು ನೀನು ಕೇಳಬಹುದು. ಫೋನ್ ಮಾಡಬಹುದಿತ್ತು. ಆದರೆ ನಿನ್ನ ನಂಬರಿಗೆ ಫೋನ್ ಮಾಡಿದರೆ ನೀನು ಎತ್ತುವವರೆಗೆ ನಿನ್ನದೇ ಹಾಡು ಕೇಳಬೇಕು. ನಿನ್ನ ಹಾಡು ಕೇಳಲು ನನಗೆ ಬೇಸರವಿಲ್ಲ. ಅದರಲ್ಲಿ ನೀನು ಆ ಕೀಬೋರ್ಡಿನ ಮುರಾರಿಯ ಹೆಸರು ಹೇಳುತ್ತೀಯಲ್ಲ, ಅದನ್ನು ಕೇಳಿದ ಮೇಲೆ ನನ್ನ ಹೆಂಡತಿಯ ಹತ್ತಿರ ಏನು ಮಾತಾಡಬೇಕೆಂದಿದ್ದೆ ಎಂಬುದು ಮರೆತುಹೋಗುತ್ತದೆ. ಅದಕ್ಕೇ ಈ ಪತ್ರ. ಪಲ್ಲವಿಯ ಕೈಯಲ್ಲಿ ಕಳಿಸುತ್ತೇನೆ. ನಮ್ಮ ಮಗಳಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ಇಷ್ಟು ವರ್ಷ ನನಗೆ ಸಂಕಟದ ಸಂಗತಿಯಾಗಿತ್ತು. ಇವತ್ತು ಮೊದಲ ಸಲ ಅನುಕೂಲವಾಯಿತು.

ನೀನು ಕಳಿಸಿದ ಆಮಂತ್ರಣ ತಲುಪಿತು. ಇಪ್ಪತ್ತೆರಡನೆಯ ತಾರೀಖು ನಿಮ್ಮ ಕಡೆಯ ಕನ್ನಡ ಸಂಘದ ರಾಜ್ಯೋತ್ಸವ, ‘ಚೊಚ್ಚಲ ಧ್ವನಿಸುರುಳಿಯಿಂದಲೇ ಮನೆಮಾತಾದ ಜನಪದ ಕೋಗಿಲೆ’ಗೆ ದಂಪತಿ ಸಮೇತ ಸತ್ಕಾರ. ಧ್ವನಿಸುರುಳಿ ಹೋಗಿ ಸಿಡಿ ಬಂದದ್ದು ಸಂಘದವರಿಗೆ ಇನ್ನೂ ತಿಳಿದಿಲ್ಲ, ಇರಲಿ. ಆದರೆ ದಂಪತಿಯ ಜಾಗದಲ್ಲಿ ಅಚ್ಚಾದದ್ದು ‘ಶ್ರೀಮತಿ ಕಾಂಚನಾ ಮತ್ತು ಶ್ರೀ ಮುರಾರಿ’ ಎಂದು. ಹಾಡು ಕೇಳಿದವರು ಯಾರಾದರೂ ಹಾಗೆಯೇ ಅಚ್ಚು ಹಾಕಿಸುತ್ತಾರೆ, ಅವರದೇನು ತಪ್ಪು? ನನಗೆ ತಾಗಿದ್ದು ಅದಲ್ಲ. ನೀನು ಮುರಾರಿ ಎಂಬುದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಪೆನ್ನಿನಿಂದ ‘ನಮ್ಮ ಮನಿಯವರು’ ಎಂದು ಬರೆದಿದ್ದೀಯ. ಏಳನೇ ಈಯತ್ತೆಯವರೆಗೆ ಕನ್ನಡ ಕಲಿತವಳು ನೀನು. ಲಕ್ಷ್ಮೀಕಾಂತ ಎಂದು ಬರೆಯಲು ಬರುವುದಿಲ್ಲವೇ? ಒತ್ತಕ್ಷರ ಕಷ್ಟವಾಗಿದ್ದರೆ ಬರೀ ಕಾಂತ ಎಂದಾದರೂ ಬರೆಯಬಹುದಿತ್ತು.

ಆದ್ದರಿಂದ ಹೇಳಿಬಿಡುತ್ತೇನೆ: ನಾನು ಬರುವುದಿಲ್ಲ. ಕಾರಣಗಳಿವೆ. ಆ ಭಾನುವಾರ ರೈಲ್ವೆಯವರ ಮೆಗಾಬ್ಲಾಕ್ ಇದ್ದು ಲೋಕಲ್ಲು ಓಡದೆ ಇರಬಹುದು. ನನ್ನ ಮೊಣಕಾಲಿನ ಕತೆ ನಿನಗೆ ಗೊತ್ತೇ ಇದೆ. ಮೂರನೆಯದಾಗಿ, ನಮ್ಮ ಕಂಪನಿಯ ಭುಜಂಗರಾಯರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ, ಅವರ ಬೀಳ್ಕೊಡುಗೆಗೆ ಪದ್ಯ ಬರೆಯಬೇಕು. ಎರಡು ಸಾಲು ಆಗಿದೆ:

ಮೂವತ್ತು ವರುಷ ದುಡಿದರು ಭುಜಂಗರಾಯರು,
ತಡವಾಗಿ ಬಂದರೂ ಸಾಹೇಬರ ಕಣ್ಣಿಂದ ಪಾರಾದರು.

ನೋಡು, ನಾನೂ ಕಟ್ಟುತ್ತೇನೆ. ಕಟ್ಟುತ್ತಲೇ ಬಂದಿದ್ದೇನೆ. ನಾಮಕರಣಕ್ಕೆ, ನಿವೃತ್ತಿಗೆ, ಸಂಘದ ವಾರ್ಷಿಕ ಸಂಚಿಕೆಯ ಕೊನೆಯ ಪುಟಕ್ಕೆ. ಅಂತ್ಯಪ್ರಾಸ ತಪ್ಪಿದ ಒಂದು ಸಾಲನ್ನೂ ನಾನು ಮನೆಯಿಂದ ಹೊರಗೆ ಬಿಟ್ಟವನಲ್ಲ. ಆದರೆ ನನ್ನ ಪದ್ಯವನ್ನು ಯಾವ ರಿಕ್ಷಾದವನೂ ಹಾಕಿಕೊಂಡು ಹೋಗಲಿಲ್ಲ. ನೀನು ರೊಟ್ಟಿ ಬಡಿಯುತ್ತ ನಿನ್ನವ್ವನ ಹಾಡು ಹೇಳಿಕೊಳ್ಳುತ್ತಿದ್ದೆ, ನಾನು ಒಳಗಿನಿಂದ ಸ್ವಲ್ಪ ಮೆಲ್ಲಗೆ ಎನ್ನುತ್ತಿದ್ದೆ, ಪ್ರಾಸ ಹುಡುಕಲು ತೊಂದರೆ ಎಂದು. ಈಗ ನಿನ್ನ ಹಾಡು ಗಣಪತಿ ಮಂಡಪದಲ್ಲಿ, ಕಲಬುರ್ಗಿಗೆ ಹೋಗುವ ಲಾರಿಯಲ್ಲಿ. ಮುಂಬ್ರಾ ಸ್ಟೇಷನ್ ಹೊರಗೆ ನಿನ್ನ ಸಿಡಿಯ ನಕಲು ಮಾರುತ್ತಿದ್ದರು, ಒಂದು ಕೊಂಡೆ. ಬೇರೆಯವರು ಕೊಳ್ಳಬಾರದೆಂದು ಕೊಂಡದ್ದು. ಮುಖಪುಟದಲ್ಲಿ ನೀನು ಹಸಿರು ಇಳಕಲ್ ಸೀರೆ ಉಟ್ಟು ನಿಂತಿದ್ದೀಯ. ನಿನ್ನ ಪಕ್ಕ ಮುರಾರಿ, ಕೀಬೋರ್ಡು ತಬ್ಬಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು. ಹಿಂದೆ ಒಂದು ಜಲಪಾತ ಧುಮುಕುತ್ತಿದೆ. ಘಣಸೋಲಿಯಲ್ಲಾಗಲಿ ನಿನ್ನ ಜೇವರ್ಗಿಯಲ್ಲಾಗಲಿ ಅಂಥ ಜಲಪಾತವನ್ನು ನಾನು ಕಂಡಿಲ್ಲ. ಬಿಸಿಲಿಲ್ಲದ ಕಡೆ ಅವನಿಗೆ ಕಪ್ಪು ಕನ್ನಡಕ ಯಾಕೆ ಎಂಬುದೂ ತಿಳಿಯಲಿಲ್ಲ.

ಇವೆಲ್ಲ ನುಂಗಿಕೊಳ್ಳುತ್ತಿದ್ದೆ, ಕಾಂಚನಾ. ನೀನು ದೊಡ್ಡವಳಾದೆ, ನಾನು ಹಾಜರಿ ಪುಸ್ತಕ ಹಿಡಿದುಕೊಂಡು ಹಾಗೇ ಉಳಿದೆ, ಆಗಲಿ. ನುಂಗಲಾಗದ್ದು ಆ ಎರಡು ಸಾಲು.

ನಮ್ಮ ಲಗ್ನವಾಗಿ ನಿನ್ನನ್ನು ಸಾಲುಮನೆಗಳ ಈ ಚಾಳಿಗೆ ಕರೆತಂದ ದಿನ ನೆನಪಿದೆಯಲ್ಲ? ಬಾಗಿಲಲ್ಲಿ ಹೆಂಗಸರೆಲ್ಲ ಅಡ್ಡ ನಿಂತು, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದರು. ಮರಾಠಿಯವರು ಉಖಾಣೆ ಎಂದರು, ನಮ್ಮವರು ಒಡಪು ಎಂದರು. ಬೇರೆ ದಿನ ಗಂಡನ ಹೆಸರನ್ನು ಬಾಯಲ್ಲಿ ತರದ ಹೆಂಗಸರು ಆ ಹೊಸ್ತಿಲ ಮೇಲೆ ಪ್ರಾಸದಲ್ಲಿ ಸೇರಿಸಿ ಒಂದು ಸಲ ಹೇಳುವ ಹೆಸರು ಅದು. ಕಲಿತುಕೊಂಡು ಬಂದ ಒಡಪು ನಿನಗೆ ಮರೆತುಹೋಗಿತ್ತು. ಹೋಲ್ಡಾಲ್ ಹೊತ್ತು ಸ್ಟೇಷನ್ನಿನ ನೂಕುನುಗ್ಗಲಲ್ಲಿ ಚಪ್ಪಲಿ ಕಳೆದುಕೊಂಡು ಬಂದವಳು, ನಿಂತಲ್ಲೇ ಕಟ್ಟಿ ಹೇಳಿದೆ:

ಕಲ್ಯಾಣ ಟೇಸನ್ದಾಗ ಕಾಲಿಡಾಕ ಜಾಗಿಲ್ಲ,
ಲಕ್ಷ್ಮೀಕಾಂತರ ಮನ್ಯಾಗ ನನಗ ಬಿಟ್ರ ಯಾರಿಲ್ಲ.

ಚಾಳೇ ನಕ್ಕಿತು. ನಾನು ಬಿ.ಎ. ಕನ್ನಡ ಮಾಧ್ಯಮ, ಛಂದಸ್ಸು ಓದಿದವನು. ಅಂಥ ಎರಡು ಸಾಲು ನನಗೆ ಇವತ್ತಿಗೂ ಕಟ್ಟಲಾಗಿಲ್ಲ. ಆವತ್ತು ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಅದರಲ್ಲಿ ನನ್ನ ಹೆಸರಿತ್ತು. ಆಮೇಲೆ ನಿನ್ನ ಬಾಯಲ್ಲಿ ಅದು ಮತ್ತೆ ಬರಲೇ ಇಲ್ಲ. ನಾನು ‘ರೀ’ ಆದೆ, ‘ನೋಡ್ರಿಲ್ಲಿ’ ಆದೆ, ಪಲ್ಲವಿ ಹುಟ್ಟಿದ ಮೇಲೆ ‘ಪಲ್ಲವಿ ಪಪ್ಪಾ’ ಆದೆ. ನನ್ನ ಹೆಸರು ನಿನ್ನ ಬಾಯಲ್ಲಿ ಹೇಗೆ ಕೇಳಿಸುತ್ತದೆ ಎಂಬುದಕ್ಕೆ ನನ್ನ ಹತ್ತಿರ ಇದ್ದದ್ದು ಅದೊಂದೇ ಸಲ.

ಈಗ ಅದೇ ಎರಡು ಸಾಲು ನಿನ್ನ ಸಿಡಿಯ ಮೊದಲ ಹಾಡು. ಊರೆಲ್ಲ ಹಾಡುತ್ತಿದೆ. ಕಲ್ಯಾಣ ಟೇಸನ್ನು ಅದೇ, ಜಾಗಿಲ್ಲ ಅದೇ. ಮನೆ ಮಾತ್ರ ಮುರಾರಿಯದು.

ಸಿಡಿ ಬಂದ ದಿನ ಯಾಕೆ ಹೀಗೆ ಎಂದು ಕೇಳಿದೆ. ಅಲ್ಲಿ ನಿಮ್ಮ ಹೆಸರು ಬೇಡವಾಗಿತ್ತು ಎಂದೆಯೇ ಹೊರತು ಮುಂದೆ ಮಾತಾಡಲಿಲ್ಲ. ಮಾತಿಗೆ ಮಾತು ಬೆಳೆಯಿತು. ಬೆಳೆದದ್ದು ನನ್ನ ಕಡೆಯಿಂದ ಮಾತ್ರ, ಅದನ್ನೂ ಒಪ್ಪುತ್ತೇನೆ. ಗಣಪತಿ ಹಬ್ಬದ ಮೊದಲು ಘಣಸೋಲಿಯ ನಿನ್ನ ಅಣ್ಣ ಹಣಮಂತ್ರಾಯನ ಮನೆಗೆ ಹೋದವಳು ದೀಪಾವಳಿಗೂ ಬರಲಿಲ್ಲ. ಕೇಳಿದವರಿಗೆಲ್ಲ ಸ್ಟುಡಿಯೋ ತುರ್ಭೆಯಲ್ಲಿದೆ, ಅಲ್ಲಿಂದ ಹತ್ತಿರ ಎಂದು ಹೇಳುತ್ತಿದ್ದೇನೆ. ಸ್ಟುಡಿಯೋ ಮುರಾರಿಯದು ಎಂಬುದನ್ನು ಹೇಳುವುದಿಲ್ಲ.

ವಾಗ್ಳೆ ಎಸ್ಟೇಟಿನ ದೇಜಪ್ಪನ ಹೋಟೆಲ್ಲಿನಲ್ಲಿ ನಿನ್ನ ಸಿಡಿ ದಿನವಿಡೀ ತಿರುಗುತ್ತದೆ. ಕುಂದಾಪುರ ಕಡೆಯ ಮನುಷ್ಯ, ನಮ್ಮ ಕಡೆಯ ಹಾಡಿನ ಅರ್ಧ ಮಾತು ಅವನಿಗೆ ತಿಳಿಯುವುದಿಲ್ಲ, ಆದರೂ ಗಲ್ಲಾಪೆಟ್ಟಿಗೆಯ ಮೇಲೆ ತಾಳ ಹಾಕುತ್ತಾನೆ. ಮೊನ್ನೆ ಹೇಳಿದ, “ಎಂತ ಮಾರಾಯ್ರೆ, ನಿಮ್ಮ ಮನೆಯವರ ಪದ ಕೇಳ್ಲಿಕ್ಕೆ ಜನ ಎರಡೆರಡು ಚಾ ಕುಡೀತಾರೆ. ನೀವು ಮಾತ್ರ ಅರ್ಧ ಚಾ ಬಿಟ್ಟು ಓಡ್ತೀರಿ.” ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಪಕ್ಕದ ಮೇಜಿನ ಗಿರಾಕಿಗೆ ನನ್ನನ್ನು ತೋರಿಸಿ, ಕಾಂಚನಾ ಅವರ ಯಜಮಾನರು ಇವರೇ ಎಂದ. ಆತ ಎದ್ದು ಬಂದು ನನ್ನ ಎರಡೂ ಕೈ ಹಿಡಿದು, ನಮಸ್ಕಾರ ಮುರಾರಿಯವರೇ ಎಂದ. ರಾಯಚೂರಿನವನಂತೆ, ಊರಿನ ತಂಗಿಗೆ ಕಳಿಸಲು ಸಿಡಿ ಕೊಂಡಿದ್ದನಂತೆ. ಸಹಿ ಹಾಕಿ ಕೊಡಿ ಎಂದ. ಹಾಕಿ ಕೊಟ್ಟೆ. ಯಾವ ಹೆಸರು ಹಾಕಿದೆ ಎಂದು ಮಾತ್ರ ಕೇಳಬೇಡ. ಅವನ ಖುಷಿ ಕೆಡಿಸಲು ಮನಸ್ಸಾಗಲಿಲ್ಲ.

ಪಲ್ಲವಿಗೆ ಇದನ್ನು ಹೇಳಿದರೆ ಮೊಬೈಲಿನಿಂದ ತಲೆ ಎತ್ತದೆ, “ಪಪ್ಪಾ, ತುಮ್ಹಿ ಜಳತಾಯ್” ಎಂದಳು. ಉರಿದುಕೊಳ್ಳುತ್ತಿದ್ದೀರಿ ಅಂತ. ನಾನು ಕನ್ನಡದಲ್ಲಿ ಇಲ್ಲ ಎಂದೆ, ಅವಳು ಮರಾಠಿಯಲ್ಲಿ ಹೌದು ಎಂದಳು. ಎರಡು ಭಾಷೆಯ ಮನೆಯಲ್ಲಿ ಜಗಳ ಬೇಗ ಮುಗಿಯುತ್ತದೆ.

ಐರೋಳಿಯ ಕಾರ್ಯಕ್ರಮದ ಸುದ್ದಿಯೂ ಕಿವಿಗೆ ಬಿತ್ತು. ಹಾಡು ಮುಗಿದ ಮೇಲೆ ಜನ, ನಿನ್ನ ಖರೇ ಗಂಡನ ಹೆಸರು ಒಡಪಿನಲ್ಲಿ ಹೇಳು ಎಂದು ಕೂಗಿದರಂತೆ. ನೀನು ನಕ್ಕು, ಸೆರಗು ಸರಿಮಾಡಿಕೊಂಡು ಇಳಿದು ಬಂದೆಯಂತೆ. ಇಪ್ಪತ್ತೆರಡನೆಯ ತಾರೀಖೂ ಕೂಗುತ್ತಾರೆ. ನಾನು ವೇದಿಕೆಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿರಬೇಕು, ನೀನು ನನ್ನ ಎದುರಿಗೇ ಹೆಸರು ನುಂಗಿ ಇಳಿಯಬೇಕು, ಇಲ್ಲವೇ ಅವನ ಹೆಸರು ಹೇಳಬೇಕು. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ. ಮೊಣಕಾಲು, ಮೆಗಾಬ್ಲಾಕು ಎಲ್ಲ ಸುಳ್ಳು. ಇದೊಂದೇ ನಿಜ.

ಯಾರೋ ಬಾಗಿಲು ಬಡಿಯುತ್ತಿದ್ದಾರೆ. ನೋಡಿ ಬಂದು ಮುಗಿಸುತ್ತೇನೆ.

ಅದೇ ಭಾನುವಾರ, ಸಂಜೆ

ಬಾಗಿಲು ಬಡಿದದ್ದು ಚಂದ್ರಬಾಯಿ. ನಿನ್ನ ಹಿಂದೆ ನಿಂತು ಸೊಲ್ಲು ಎತ್ತುವ ನಿನ್ನ ಚಂದ್ರಕ್ಕ. ಇಲ್ಲೇ ಕೋಳಸೇವಾಡಿಯಲ್ಲಿ ತಮ್ಮನ ಮಗಳ ನಿಶ್ಚಯಕ್ಕೆ ಬಂದವರು, ನೀನು ಖಾರ ಹಾಕಿ ಕುಟ್ಟಿ ಕೊಟ್ಟ ಶೇಂಗಾ ಹಿಂಡಿಯ ಡಬ್ಬಿ ತಲುಪಿಸಲು ಬಂದರು. ಚಹಾ ಮಾಡಿದೆ. ಹಾಲು ಉಕ್ಕಿತು. ಆಕೆ ಒಲೆಯನ್ನೂ ನೋಡಿದರು, ನನ್ನನ್ನೂ ನೋಡಿದರು. ಮೇಜಿನ ಮೇಲೆ ಆಮಂತ್ರಣವಿತ್ತು. ಬರುತ್ತೀರಲ್ಲ ಎಂದು ಕೇಳಿದರು. ನಾನು ಮೊಣಕಾಲಿನಿಂದ ಶುರುಮಾಡಿದೆ. ಮೆಗಾಬ್ಲಾಕಿನವರೆಗೆ ಹೋಗಲು ಬಿಡಲಿಲ್ಲ.

“ಮಾಸ್ತರ, ನೀವು ಬಿ.ಎ. ಕಲ್ತೀರಿ. ಗಂಡನ ಹೆಸರ ತಗೊಂಡ್ರ ಗಂಡನ ಆಯುಷ್ಯ ಕಮ್ಮಿ ಆಗ್ತದಂತ ನಿಮ್ಮವ್ವ ನಿಮಗ ಹೇಳಿಲ್ಲೇನು?”

ನಾನು ಯಾವ ಶಾಲೆಯಲ್ಲೂ ಮಾಸ್ತರನಲ್ಲ, ಆಕೆಗೆ ಅದು ಬೇಕಾಗಿಲ್ಲ. ನಮ್ಮವ್ವ ಹೇಳಿದ್ದಳು ಎಂದೆ. ಅದಕ್ಕೂ ಇದಕ್ಕೂ ಏನು ಎಂದು ಕೇಳುವಷ್ಟು ದಡ್ಡನೂ ಆದೆ.

ಆಮೇಲೆ ಆಕೆ ಹೇಳಿದ್ದನ್ನು ನಾನು ಬರೆಯುತ್ತೇನೆ, ನೀನು ಇಲ್ಲ ಎನ್ನಬೇಡ. ರೆಕಾರ್ಡಿಂಗಿನ ದಿನ ನೀನು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಹಾಡುತ್ತಿದ್ದೆ. ಮೊದಲನೆಯ ಸಲ ನನ್ನ ಹೆಸರು ಹೇಳಿದೆ. ಏನೋ ಸದ್ದು ಬಂತು, ಮತ್ತೊಮ್ಮೆ ಎಂದರು. ಮತ್ತೊಮ್ಮೆ ಹೇಳಿದೆ. ತಾಳ ಜಾರಿತು, ಇನ್ನೊಮ್ಮೆ ಎಂದರು. ಆಗ ನಿನಗೆ ಹೊಳೆಯಿತಂತೆ. ಕಲ್ಯಾಣ ಟೇಸನ್ನಿನವರೆಗೆ ಬರುವುದು, ನಿಲ್ಲುವುದು. ಮುರಾರಿ ಗಾಜಿನಾಚೆಯಿಂದ ಏನಾಯಿತು ಎಂದು ಕೇಳಿದರೆ ಅಳಲು ಶುರುಮಾಡಿದೆಯಂತೆ. ನೀನು ಅವನಿಗೆ ಹೇಳಿದ ಮಾತನ್ನು ಚಂದ್ರಕ್ಕ ನಿನ್ನ ಧ್ವನಿಯಲ್ಲೇ ನನಗೆ ಹೇಳಿದರು:

“ಇದು ರಿಕ್ಷಾದಾಗ ಹಾಡ್ತದ, ಹೋಟೆಲ್ದಾಗ ಹಾಡ್ತದ. ನಾ ನಿದ್ದಿಗಿ ಹತ್ತಿದಾಗೂ ನನ್ನ ಬಾಯಿ ಎಲ್ಲೋ ಅವರ ಹೆಸರ ತಗೊಂತನ ಇರ್ತದ. ಅವರಿಗಿ ಎಷ್ಟು ಉಳಿಬೇಕೋ ಯಪ್ಪಾ.”

ಹಾಡನ್ನೇ ತೆಗೆದುಬಿಡಿ ಎಂದೆಯಂತೆ. ಆ ಹಾಡು ಇಲ್ಲದಿದ್ದರೆ ಸಿಡಿ ಏಳುವುದಿಲ್ಲ ಎಂದು ಅವನಿಗೆ ಗೊತ್ತು. ದೇವರ ಹೆಸರು ಹಾಕೋಣವೆಂದರೆ ಕಲ್ಯಾಣ ಸ್ಟೇಷನ್ನಿನಲ್ಲಿ ದೇವರಿಗೇನು ಕೆಲಸ ಎಂದು ಜನ ನಗುತ್ತಾರೆ. ಆಗ ಮುರಾರಿಯೇ, ನನ್ನ ಹೆಸರು ಹಾಕು ಅಕ್ಕಾ ಎಂದನಂತೆ. “ನನ್ನ ಜಾತಕದಾಗ ತೊಂಬತ್ತು ವರ್ಷ ಬರ್ದಾರ. ಲಗ್ನಿಲ್ಲ ಮಕ್ಕಳಿಲ್ಲ, ತೊಂಬತ್ತು ತಗೊಂಡು ಏನ್ ಮಾಡ್ಲಿ? ಹೋದಷ್ಟು ಹೋಗಲಿ.” ಅವನು ಗಂಡನಲ್ಲವಲ್ಲ, ಅವನಿಗೇನೂ ಆಗುವುದಿಲ್ಲ ಎಂದು ಚಂದ್ರಕ್ಕನೇ ತೀರ್ಪು ಕೊಟ್ಟ ಮೇಲೆ ನೀನು ಹಾಡಿದೆಯಂತೆ. ಒಂದೇ ಸಲಕ್ಕೆ ಆಯಿತಂತೆ.

ಇದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಚಂದ್ರಕ್ಕನನ್ನೇ ಕೇಳಿದೆ. ಹೇಳಿದರೆ ನೀವು ನಗುತ್ತಿದ್ದಿರಿ ಎಂದರು. ಹೌದು, ನಗುತ್ತಿದ್ದೆ. ನಕ್ಕು, ಅದರ ಮೇಲೊಂದು ಪದ್ಯವನ್ನೂ ಬರೆಯುತ್ತಿದ್ದೆ. ಸಂಚಿಕೆಯಲ್ಲಿ ಬಂದ ನನ್ನ ‘ಮೂಢನಂಬಿಕೆ’ಯನ್ನು ನಿನ್ನನ್ನು ಎದುರಿಗೆ ಕೂರಿಸಿಕೊಂಡು ಓದಿದವನು ನಾನು:

ಅಡ್ಡ ಬಂದ ಬೆಕ್ಕ ಕಂಡು ಹೆದರಬೇಡ ಮುದ್ದು,
ಅದಕ್ಕೂ ಹಿಡಿಯಬೇಕಿದೆ ಲೋಕಲ್ಲು ಎದ್ದು ಬಿದ್ದು.

ನೀನು ಆವತ್ತು ನಗಲಿಲ್ಲ. ಹಾಸ್ಯ ತಿಳಿಯಲಿಲ್ಲ ಎಂದುಕೊಂಡಿದ್ದೆ.

ಹೊಟ್ಟೆಕಿಚ್ಚು ಇಳಿಯಿತೇ ಎಂದು ಕೇಳಬೇಡ. ಇಳಿಯಲಿಲ್ಲ, ಜಾಗ ಬದಲಿಸಿತು. ಬೆಳಿಗ್ಗೆಯವರೆಗೆ ಅವನಿಗೆ ನೀನು ಹೆಸರು ಕೊಟ್ಟೆ ಎಂದು ಉರಿಯುತ್ತಿದ್ದೆ. ಈಗ ಅವನು ನಿನಗೆ ಆಯುಷ್ಯ ಕೊಡಲು ಮುಂದಾದನಲ್ಲ, ಕಪ್ಪು ಕನ್ನಡಕ ಹಾಕಿಕೊಂಡೇ, ಲೆಕ್ಕವಿಲ್ಲದೆ, ಅಕ್ಕಾ ಎಂದು ಕರೆದು, ಅದಕ್ಕೆ ಉರಿಯುತ್ತಿದ್ದೇನೆ. ಅದು ನಾನು ಕೊಡಬೇಕಾಗಿತ್ತು. ನನ್ನನ್ನು ಯಾರೂ ಕೇಳಲಿಲ್ಲ.

ಚಂದ್ರಕ್ಕ ಹೋದ ಮೇಲೆ ಸಿಡಿ ಹಾಕಿದೆ. ನಕಲಿ ಸಿಡಿ, ನಡುನಡುವೆ ತೊದಲುತ್ತದೆ. ಮುರಾರಿಯ ಹೆಸರು ಬರುವ ಮೊದಲು ನೀನು ಒಂದು ಉಸಿರು ಎಳೆದುಕೊಳ್ಳುತ್ತೀಯ. ಇಷ್ಟು ಸಲ ಕೇಳಿದ್ದರೂ ನನಗೆ ಅದು ಕೇಳಿಸಿರಲಿಲ್ಲ. ಹೆಸರನ್ನು ಕೇಳಲು ಕಾಯುತ್ತ ಕೂತವನಿಗೆ ಉಸಿರು ಹೇಗೆ ಕೇಳಿಸಬೇಕು? ಪಲ್ಲವಿ ಬಂದು, ಮಮ್ಮಿಯ ಹಾಡಿಗೆ ಯಾಕೆ ಅಳುತ್ತೀರಿ ಎಂದು ಮರಾಠಿಯಲ್ಲಿ ಕೇಳಿದಳು. ಶೇಂಗಾ ಹಿಂಡಿ ಖಾರ ಎಂದೆ.

ಈಗ ನನ್ನ ಮಾತು ಕೇಳು. ಇಪ್ಪತ್ತೆರಡನೆಯ ತಾರೀಖು ಜನ ಕೂಗಿದಾಗ ನನ್ನ ಹೆಸರು ಹೇಳು. ಒಂದೇ ಸಲ, ಮೊದಲಿನ ಒಡಪನ್ನೇ, ಮೊದಲಿನ ಹೆಸರು ಹಾಕಿ. ಅದನ್ನು ಯಾರೂ ರೆಕಾರ್ಡು ಮಾಡಬಾರದು ಎಂದು ಮುರಾರಿಗೆ ಮೊದಲೇ ತಾಕೀತು ಮಾಡು. ರಿಕ್ಷಾದಲ್ಲಿ ಅವನ ಹೆಸರು ತಿರುಗುತ್ತಿರಲಿ, ಅದು ಅವನು ಒಪ್ಪಿಕೊಂಡ ಕೆಲಸ.

ಆಯುಷ್ಯ ಕಡಿಮೆಯಾಗುತ್ತದೆ ಎಂದು ನೀನು ಹೆದರುತ್ತೀಯ. ಈ ಸಲ ನಾನು ನಗುವುದಿಲ್ಲ. ಆಗುತ್ತದೆ ಎಂದೇ ಇಟ್ಟುಕೊಳ್ಳೋಣ. ಒಂದು ಸಲಕ್ಕೆ ಎಷ್ಟು ಹೋಗುತ್ತದೆ ಎಂದು ಚಂದ್ರಕ್ಕನನ್ನು ಕೇಳಿದೆ, ಆಕೆಗೂ ತಿಳಿಯದು. ಒಂದು ದಿನ ಎನ್ನೋಣ. ನನ್ನ ಯಾವುದಾದರೂ ಒಂದು ಸೋಮವಾರವನ್ನು ತೆಗೆದುಕೋ. ಬೆಳಗಿನ ಫಾಸ್ಟ್ ಲೋಕಲ್ಲಿನಲ್ಲಿ ಒಂದೇ ಕಾಲ ಮೇಲೆ ನಿಂತು, ಯಾರದೋ ಟಿಫಿನ್ ಡಬ್ಬಿ ಪಕ್ಕೆಲುಬಿಗೆ ಒತ್ತಿಸಿಕೊಂಡು ಠಾಣೆಗೆ ಹೋಗುವ ಸೋಮವಾರ ಒಂದು ಕಡಿಮೆಯಾದರೆ ನನಗೆ ನಷ್ಟವಿಲ್ಲ. ಅಂಥವು ನನ್ನ ಹತ್ತಿರ ಬೇಕಾದಷ್ಟಿವೆ. ನಿನ್ನ ಬಾಯಲ್ಲಿ ನನ್ನ ಹೆಸರು ಕೇಳಿದ ಭಾನುವಾರ ಈವರೆಗೆ ಒಂದೂ ಇಲ್ಲ.

ಆಮೇಲೆ ಎಲ್ಲಿಗೆ ಹೋಗುವುದು ಎಂಬುದನ್ನು ನೀನೇ ನಿರ್ಧರಿಸು. ಘಣಸೋಲಿಯಿಂದ ಠಾಣೆ, ಠಾಣೆಯಿಂದ ಕಲ್ಯಾಣ. ಇಬ್ಬರು ಕೂತುಕೊಂಡು ಬರುವಷ್ಟು ಜಾಗ ಭಾನುವಾರ ರಾತ್ರಿ ಇದ್ದೇ ಇರುತ್ತದೆ.

ನಿನ್ನ, ಮುರಾರಿಯಲ್ಲದ,
ಲಕ್ಷ್ಮೀಕಾಂತ

ತಾ.ಕ.: ಅಷ್ಟು ಜನರ ಎದುರು ಧೈರ್ಯ ಸಾಲದಿದ್ದರೆ ಏನೂ ಹೇಳಬೇಡ, ನಕ್ಕು ಇಳಿದುಬಿಡು. ನಾನು ಕುರ್ಚಿಯಲ್ಲೇ ಕೂತಿರುತ್ತೇನೆ. ಬರುವುದಿಲ್ಲ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಲ್ಲ, ಪುಟ ಹೊಲಸಾಗುತ್ತದೆ ಎಂದು. ಚಂದ್ರಕ್ಕನ ಮಾತು ಕೇಳಿ ಮನಸ್ಸು ಬದಲಿಸಿದೆ ಎಂದು ಮಾತ್ರ ತಿಳಿಯಬೇಡ. ಆ ದಿನಕ್ಕೆಂದು ನನ್ನ ಬಿಳಿ ಅಂಗಿಯನ್ನು ಇಸ್ತ್ರಿಯವನಿಗೆ ಕೊಟ್ಟದ್ದು ನಿನ್ನೆ ಸಂಜೆ, ಈ ಪತ್ರದ ಮೊದಲ ಸಾಲು ಬರೆಯುವ ಮುಂಚೆ.